ನಿಮ್ಮಲ್ಲಿ ರಾಜ ಎಗರ್ತಾನಾ?

ನನ್ನ ಮೊಮ್ಮಗಳು ಚದುರಂಗದ ಪಂದ್ಯದಲ್ಲಿ ಸೋತಿದ್ದು ನಾನು ತಪ್ಪು ಆಟ ಕಲಿಸಿದ್ದಕ್ಕೆ ಅಂತ ಮನೆಯಲ್ಲಿ ಎಲ್ಲರೂ ಹೇಳ್ತಾರೆ. ಆಗಿದ್ದು ಅದಲ್ಲ. ಅವಳು ಕೇಳದೆ ಕೂತಳು, ಅದಕ್ಕೆ ಸೋತಳು. ಏನು ಕೇಳಬೇಕಿತ್ತು ಅಂದರೆ, ಸ್ವಲ್ಪ ಹಿಂದಿನಿಂದ ಹೇಳಬೇಕು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಚದುರಂಗ ಕಲಿತಿದ್ದು ಮದುವೆಯಾಗಿ ಭದ್ರಾವತಿಗೆ ಬಂದ ಮೇಲೆ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಪಕ್ಕದ ಮನೆಯ ತಮಿಳು ಅಕ್ಕ ಕಲಿಸಿದರು. ಗಂಡಸರು ಶಿಫ್ಟಿಗೆ ಹೋದ ಮೇಲೆ ಒಲೆ ಮೇಲೆ ಅನ್ನಕ್ಕಿಟ್ಟು ನಾವು ಆಟಕ್ಕೆ ಕೂರುತ್ತಿದ್ದೆವು. ಅನ್ನ ಸೀದ ದಿನ ಎರಡೂ ಮನೆಯಲ್ಲಿ ಬೈಗುಳ.

ನಮ್ಮ ಸಾಲಿನಲ್ಲಿ ಆ ಕಡೆ ತಮಿಳು, ಈ ಕಡೆ ತೆಲುಗು, ಎದುರಿಗೆ ಉರ್ದು ಮಾತಾಡುವ ಟೈಲರ್ ಸಾಹೇಬರು. ಆಟ ಎಲ್ಲರಿಗೂ ಬರುತ್ತಿತ್ತು. ಕಾಯಿಗಳ ಹೆಸರು ಮಾತ್ರ ಒಬ್ಬರದು ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. ಕುದುರೆ ಪಕ್ಕದಲ್ಲಿ ನಿಂತು ಓರೆಯಾಗಿ ಓಡುವ ಕಾಯಿ ಇದೆಯಲ್ಲ, ಅದು ನಮಗೆ ಒಂಟೆ. ಅಕ್ಕನಿಗೆ ಮಂದಿರಿ, ಅಂದರೆ ಮಂತ್ರಿ. ತೆಲುಗಿನವರಿಗೆ ಶಕಟು, ಅಂದರೆ ಗಾಡಿ. ಸಾಹೇಬರಿಗೆ ಫೀಲ್, ಅಂದರೆ ಆನೆ. ನಮ್ಮ ಆನೆ ನಿಲ್ಲುವುದು ಮೂಲೆಯಲ್ಲಿ.

ನಡೆಯೂ ಹಾಗೇ. ಕೆಲವರ ಮನೆಯಲ್ಲಿ ರಾಜ, ಚೆಕ್ ಬೀಳುವ ಮುಂಚೆ, ಆಟಕ್ಕೊಂದು ಸಲ ಕುದುರೆಯ ಹಾಗೆ ಎಗರಬಹುದು. ಕೆಲವರ ಮನೆಯಲ್ಲಿ ಎಗರುವ ಹಾಗಿಲ್ಲ. ಜಗಳ ಬೇಡ ಅಂತ ನಮ್ಮ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಯಾರ ವರಾಂಡದಲ್ಲಿ ಮಣೆ ಹಾಕಿದೆಯೋ ಅವತ್ತು ಅವರ ಹೆಸರು, ಅವರ ನಡೆ. ಹೋದವರು ಕೂರುವ ಮುಂಚೆ ಕೇಳಬೇಕು, "ನಿಮ್ಮಲ್ಲಿ ರಾಜ ಎಗರ್ತಾನಾ?" ಕೇಳದೆ ಕೂತು ಆಮೇಲೆ ತಕರಾರು ತೆಗೆದರೆ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಈಗ ನಾನಿರುವುದು ಶಿವಮೊಗ್ಗದಲ್ಲಿ, ಆಲ್ಕೊಳದ ಹತ್ತಿರ, ಮಗನ ಮನೆಯಲ್ಲಿ. ಮೊಮ್ಮಗಳಿಗೆ ಆಟ ಕಲಿಸಿದವಳು ನಾನೇ. ನಮ್ಮ ಮನೆಯಲ್ಲಿ ರಾಜ ಎಗರ್ತಾನೆ. ಊರಿನ ಒಂದು ಹಾಲ್‌ನಲ್ಲಿ ಮಕ್ಕಳ ಪಂದ್ಯ ಇತ್ತು, ಶನಿವಾರ ಮತ್ತೆ ಭಾನುವಾರ. ಅವಳಿಗೆ ಅದೇ ಮೊದಲನೇದು. ಬಹಳ ದಿನದಿಂದ ಅದರದೇ ಜಪ.

ಶನಿವಾರ ಸಂಜೆ ಬಂದವಳೇ ಚೀಲ ಮೂಲೆಗೆ ಎಸೆದಳು.

"ಅಜ್ಜಿ, ರಾಜ ಎಗರೋ ಹಾಗೇ ಇಲ್ಲವಂತೆ!"

ಮೊದಲೆರಡು ಆಟ ಗೆದ್ದಿದ್ದಾಳೆ. ಮೂರನೇದರಲ್ಲಿ ರಾಜನನ್ನು ಎಗರಿಸಿದ್ದಾಳೆ. ಎದುರಿದ್ದ ಕನ್ನಡಕದ ಹುಡುಗಿ ಕೈ ಎತ್ತಿದ್ದಾಳೆ. ತೀರ್ಪು ಕೊಡುವವರು ಬಂದು, ಇಂಥ ನಡೆ ಇಲ್ಲ, ಆದರೆ ಮುಟ್ಟಿದ ಮೇಲೆ ರಾಜನನ್ನೇ ನಡೆಸಬೇಕು ಅಂದಿದ್ದಾರೆ. ಇವಳು ಖಾಲಿ ಇದ್ದ ಒಂದೇ ಮನೆಗೆ ನಡೆಸಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾಳೆ.

"ಅವಳ ರಾಜ ಎರಡು ಮನೆ ಹಾರ್ತು, ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ನಂದು ಹಾರಿದ್ರೆ ತಪ್ಪಂತೆ. ಒಂಟೆ ಅಂದಿದ್ದಕ್ಕೆ ಬೇರೆ ಎಲ್ಲಾ ನಕ್ಕರು. ಅದು ಬಿಷಪ್ ಅಂತೆ. ಒಂಟೆ ಎಲ್ಲಿಂದ ತಂದೆ, ರಾಜಸ್ಥಾನದಿಂದಾ ಅಂದರು. ನೀನು ಕಲಿಸಿದ್ದೆಲ್ಲಾ ಡೂಪು. ನಾಳೆ ನಾನು ಹೋಗಲ್ಲ. ಇನ್ಮೇಲೆ ಆಡೋದೂ ಇಲ್ಲ."

ಅತ್ತಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅತ್ತ ಮಕ್ಕಳು ಬೆಳಿಗ್ಗೆಗೆ ಮರೆಯುತ್ತವೆ. ಇವಳು ಅಳದೆ ಹೇಳಿದಳು ಅಂದರೆ ಬಿಟ್ಟೇಬಿಡುತ್ತಾಳೆ. ಭರತನಾಟ್ಯ ಬಿಟ್ಟಿದ್ದೂ ಹೀಗೇ.

"ಕೂರೋ ಮುಂಚೆ ಕೇಳಿದ್ಯಾ?"

"ರಾಜ ಎಗರ್ತಾನಾ ಅಂತ ಅಲ್ಲಿ ಯಾರಾದ್ರೂ ಕೇಳ್ತಾರಾ? ನಗ್ತಾರೆ."

"ಹೇಗೂ ನಕ್ಕರಲ್ಲ."

ಮುಖ ತಿರುಗಿಸಿದಳು. ಸೊಸೆ ಅಡುಗೆಮನೆಯಿಂದ, "ನೀವೂ ಸರಿ ಅತ್ತೆ, ಈ ಕಾಲದಲ್ಲಿ ಒಂಟೆ ಅಂತ ಹೇಳಿಕೊಟ್ಟಿದೀರಲ್ಲ" ಅಂದಳು. ನನಗೆ ಸಿಟ್ಟು ಬಂತು. "ಆ ಫೋನಲ್ಲಿ ಎಲ್ಲಾ ಇರುತ್ತೆ ಅಂತೀಯಲ್ಲ ಮಾರಾಯ್ತಿ, ಯಾವ ಹೆಸರು ನಿಜ ಅಂತ ಓದು ನೋಡೋಣ" ಅಂದೆ.

ಓದಿದಳು. ಆಟ ಹುಟ್ಟಿದ್ದು ನಮ್ಮ ದೇಶದಲ್ಲೇ ಅಂತೆ. ಆನೆ, ಕುದುರೆ, ರಥ, ಕಾಲಾಳು, ಸೈನ್ಯದ ನಾಲ್ಕು ಅಂಗ, ಅದಕ್ಕೇ ಚದುರಂಗ. ಇಲ್ಲಿಂದ ಪರ್ಷಿಯಾಕ್ಕೆ ಹೋಯಿತು. ಅಲ್ಲಿ ರಾಜ ಶಾ ಆದ. ಚೆಕ್ ಅನ್ನುವ ಮಾತು ಹುಟ್ಟಿದ್ದೇ ಆ ಶಾ ಇಂದ. ಆನೆ ಪೀಲ್ ಆಯಿತು, ಅರಬರ ಬಾಯಲ್ಲಿ ಫೀಲ್ ಆಯಿತು. ಅವರು ಆನೆಯ ಗೊಂಬೆ ಕೆತ್ತದೆ, ದಂತದ ಗುರುತಿಗೆ ಎರಡು ಗುಬುಟು ಬಿಟ್ಟರಂತೆ. ಮುಂದೆ ಅದನ್ನು ನೋಡಿದ ಇಂಗ್ಲಿಷಿನವರಿಗೆ ಪಾದ್ರಿಯ ಟೋಪಿ ಕಂಡಿತು, ಬಿಷಪ್ ಅಂದರು. ಫ್ರಾನ್ಸಿನವರಿಗೆ ಕೋಡಂಗಿಯ ಟೋಪಿ ಕಂಡಿತು, ಕೋಡಂಗಿ ಅಂದರು. ಜರ್ಮನಿಯವರು ಓಡುವವನು ಅಂತಾರೆ. ರಷ್ಯಾದವರು ಇವತ್ತಿಗೂ ಆನೆ ಅಂತಲೇ ಅಂತಾರೆ, ನಮ್ಮ ಮೂಲೆಯ ಆನೆಗೆ ಮಾತ್ರ ದೋಣಿ ಅಂತಾರೆ. ರಾಜನ ಪಕ್ಕ ನಿಲ್ಲುವ ನಮ್ಮ ಮಂತ್ರಿ ಯುರೋಪಿಗೆ ಹೋಗಿ ಹೆಂಗಸಾಗಿ ರಾಣಿ ಆದ. ಮೊದಲು ಓರೆಯಾಗಿ ಒಂದು ಮನೆ ನಡೆಯುತ್ತಿದ್ದದ್ದು, ಆಮೇಲೆ ಮಣೆ ತುಂಬ ಓಡಾಡಲು ಶುರುವಾಯಿತು.

"ನೋಡು, ಹೆಸರೂ ಬದಲಾಯ್ತು, ನಡೆಯೂ ಬದಲಾಯ್ತು" ಅಂದೆ. ಮೊಮ್ಮಗಳು ಕೇಳಿಸಿಕೊಳ್ಳುತ್ತಿದ್ದಳು.

ಭದ್ರಾವತಿಗೆ ಫೋನ್ ಹಚ್ಚಿದೆ. ಅಕ್ಕನ ಮಂಡಿ ಹೋಗಿದೆ, ನಾಲಿಗೆ ಹೋಗಿಲ್ಲ.

"ಅಕ್ಕಾ, ರಾಜ ಎಗರೋ ಹಾಗಿಲ್ಲವಂತೆ."

"ಯಾರಮ್ಮ ಹೇಳಿದ್ದು?"

"ಪಂದ್ಯದವರು."

"ಅಯ್ಯಯ್ಯೋ! ಹಂಗಾದ್ರೆ ನಾನು ನಿನ್ನ ಸೋಲಿಸಿದ್ದೆಲ್ಲಾ ಲೆಕ್ಕಕ್ಕಿಲ್ವಾ? ಅವೆಲ್ಲಾ ವಾಪಸ್ ಕೊಡಲ್ಲಮ್ಮ ನಾನು. ಪಾಪು ಕೇಳದೆ ಕೂತ್ಕೊಂಡ್ತಾ?"

"ಹ್ಞೂಂ."

"ಅದಕ್ಕೆ ಕೇಳಬೇಕು ಅಂತ ಹೇಳಿಕೊಟ್ಟಿದ್ಯಾ ನೀನು?"

ಮಂಡಿ ಹೇಗಿದೆ ಅಂತ ಮಾತು ತಿರುಗಿಸಿದೆ. ಸ್ಪೀಕರಿನಲ್ಲಿ ಕೇಳಿಸಿಕೊಂಡ ಮೊಮ್ಮಗಳು ಮೊದಲ ಸಲ ನಕ್ಕಳು. ನಗು ನಿಲ್ಲಿಸಿ, "ಆದ್ರೂ ಹೋಗಲ್ಲ" ಅಂದಳು.

ಮಾರನೇ ಬೆಳಿಗ್ಗೆ ನಾನು ಸ್ನಾನ ಮಾಡಿ, ಹೊರಗೆ ಹೋಗುವ ಸೀರೆ ಉಟ್ಟು, ಹಾಲ್ ಎಲ್ಲಿದೆ ಅಂತ ಸೊಸೆಯನ್ನು ಕೇಳಿದೆ.

"ನೀನ್ಯಾಕೆ ಹೋಗ್ತೀಯ?" ಅಂದಳು ಮೊಮ್ಮಗಳು.

"ಕೇಳಕ್ಕೆ. ನೀನು ಆಡೋದು ಬಿಡೋದು ನಿನ್ನಿಷ್ಟ."

"ಅಲ್ಲಿ ಹೋಗಿ ನನ್ನ ಮರ್ಯಾದೆ ತೆಗೀತೀಯ" ಅಂತ ಅವಳೂ ಆಟೋ ಹತ್ತಿದಳು.

ತೀರ್ಪು ಕೊಡುವವರು ಚಿಕ್ಕ ವಯಸ್ಸಿನವರು. ಜಗಳಕ್ಕೆ ಬಂದೆ ಅಂದುಕೊಂಡು ಎದ್ದು ನಿಂತರು. "ಕೂತ್ಕೊಳ್ಳಿ" ಅಂದೆ. "ನಿಮ್ಮಲ್ಲಿ ರಾಜ ಕುದುರೆ ಹಾಗೆ ಎಗರಲ್ಲ ಅಂತ ಗೊತ್ತಾಯ್ತು. ಬೇರೆ ಏನೇನಿದೆ, ಹೇಳಿ."

ಅವರು ಒಂದು ಮಣೆ ಎಳೆದುಕೊಂಡು ತೋರಿಸಿದರು. ಕಾಲಾಳು ಕೊನೆ ಮುಟ್ಟಿದರೆ ಬೇಕಾದ ಕಾಯಿ ಆಗಬಹುದು. ರಾಜನೂ ಆನೆಯೂ ಅಲ್ಲಿವರೆಗೆ ಕದಲದೆ ಇದ್ದರೆ, ನಡುವೆ ಯಾರೂ ಇಲ್ಲದಿದ್ದರೆ, ರಾಜ ಆನೆಯ ಕಡೆ ಎರಡು ಮನೆ ಸರಿಯಬಹುದು, ಆನೆ ಅವನನ್ನು ದಾಟಿ ಈಚೆ ನಿಲ್ಲುತ್ತದೆ.

"ಅಂದ್ರೆ ನಿಮ್ಮಲ್ಲೂ ಹಾರ್ತಾನೆ. ಅಡ್ಡಕ್ಕೆ" ಅಂದೆ.

"ಚೆಕ್ ಇದ್ದಾಗ ಹಾರಬಹುದಾ ಸರ್?" ಅಂತ ನನ್ನ ಹಿಂದಿನಿಂದ ಮೊಮ್ಮಗಳು ಕೇಳಿದಳು. ಇಲ್ಲ ಅಂದರು. "ನಮ್ಮಲ್ಲೂ ಇಲ್ಲ" ಅಂದಳು.

ಆಟ ಶುರು ಅಂತ ಕೂಗಿದರು. ಅವಳು ತನ್ನ ಮೇಜಿಗೆ ಹೋದಳು. ನನಗೆ ಆ ಆನೆ ದಾಟುವುದು ಸರಿಯಾಗಿ ತಿಳಿದಿರಲಿಲ್ಲ. ಇನ್ನೊಂದು ಸಲ ತೋರಿಸಿ ಅಂದೆ.