ಲೇಸರ್ ಬೇಕೆಂದು ಹೋದವಳು ಅಕ್ಕ

"ನಿಮ್ಮ ಕಣ್ಣಿನ ಕಾರ್ನಿಯಾ ತುಂಬಾ ತೆಳುವಾಗಿದೆ, ಲೇಸರ್ ಮಾಡೋಕಾಗಲ್ಲ" ಎಂದು ಡಾಕ್ಟರು ಅಕ್ಕನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಮಾಡಬಹುದು" ಎಂದರು.

ನಾನು ಬರೀ ಜೊತೆಗೆ ಹೋದವಳು. 'ಬಂದಿದ್ದೀಯಲ್ಲ, ನೀನೂ ತೋರಿಸು' ಎಂದು ಅಕ್ಕನೇ ನನ್ನನ್ನು ಪರೀಕ್ಷೆಗೆ ಕೂರಿಸಿದ್ದಳು. ಇಬ್ಬರಿಗೂ ಚಿಕ್ಕಂದಿನಿಂದ ದಪ್ಪ ಕನ್ನಡಕ. ನಂಜನಗೂಡಿನ ಬಳಿಯ ತಾಂಡ್ಯದ ಕಾರ್ಖಾನೆಯಲ್ಲಿ ಮಾಸ್ಕ್ ಹಾಕಿಕೊಂಡು ಕೆಲಸಕ್ಕೆ ನಿಂತರೆ ಅಕ್ಕನ ಕನ್ನಡಕದ ಮೇಲೆ ಹಬೆ ಕೂರುತ್ತಿತ್ತು. ಒರೆಸಿ ಒರೆಸಿ ಅವಳಿಗೆ ಸಾಕಾಗಿಹೋಗಿತ್ತು; ಲೇಸರ್ ಮಾಡಿಸಿಕೊಂಡು ಕನ್ನಡಕವನ್ನೇ ಬಿಡಬೇಕೆಂದಿದ್ದಳು.

ಮೈಸೂರಿನಿಂದ ನಂಜನಗೂಡಿಗೆ ವಾಪಸು ಬಸ್ಸು ಹತ್ತಿದೆವು. ಆಸ್ಪತ್ರೆಯಲ್ಲಿ ಕಣ್ಣಿಗೆ ಬಿಟ್ಟ ಔಷಧಿಯಿಂದ ಬಿಸಿಲು ಚುಚ್ಚುತ್ತಿತ್ತು. ಅಕ್ಕ ವೇಲನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದಳು.

"ನಂಗೂ ಬ್ಯಾಡ ಕಣಕ್ಕ" ಎಂದೆ.

ವೇಲು ತೆಗೆಯದೆಯೇ ಅವಳು ಅಂದಳು: "ಸುಮ್ಕಿರು. ನೀನೂ ಇಂಗೇ ಒರುಸ್ಕೊಂಡು ಕೂತ್ರೆ ನಂಗೇನ್ ಕಣ್ಣು ಸರಿಯಾಗ್ಬುಡ್ತದಾ? ಮಾಡುಸ್ಕೊ ಓಗು."

ಮಾಡಿಸಿಕೊಂಡೆ. ಮುಂದಿನ ವಾರಗಳಲ್ಲಿ ಶಿಫ್ಟು ಮುಗಿಸಿ ಸುಸ್ತಾಗಿ ಬಂದರೂ ನನ್ನ ಕಣ್ಣಿಗೆ ಹನಿ ಹಾಕುತ್ತಿದ್ದವಳು ಅಕ್ಕನೇ. ಹತ್ತಿರದ್ದು ಅವಳಿಗೆ ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಿತ್ತು; ಒಂದು ಸಂಜೆ ಹನಿ ಸರಿಯಾಗಿ ಬೀಳಲೆಂದು ಕನ್ನಡಕ ತೆಗೆದಿಟ್ಟು ನನ್ನ ಮುಖದ ತೀರಾ ಹತ್ತಿರಕ್ಕೆ ಬಗ್ಗಿದಳು. ಅವಳ ಮೂಗಿನ ಎರಡೂ ಬದಿಯಲ್ಲಿ ಕನ್ನಡಕ ಒತ್ತಿ ಒತ್ತಿ ಕುಳಿ ಬಿದ್ದು ಕೆಂಪಗಾಗಿತ್ತು. ಒಂದೇ ಮನೆಯಲ್ಲಿ ಬೆಳೆದರೂ ನಾನದನ್ನು ಅಷ್ಟು ಸ್ಪಷ್ಟವಾಗಿ ನೋಡಿದ್ದು ಅಂದೇ.

"ಕಣ್ಣು ಮುಚ್ಬ್ಯಾಡ ಕಣೇ" ಎಂದಳು. ಮುಚ್ಚಲಿಲ್ಲ. ಆದರೆ ಅವಳು ಹನಿ ಬಿಡುವ ಮೊದಲೇ ನನ್ನ ಕಣ್ಣು ತುಂಬಿತ್ತು.