ಕುವೈತಿಗೆ ಐದು ಗಂಟೆ

ಅವರ ಬಲಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಮೂವತ್ತು ವರ್ಷ ಬ್ರೇಕಿನ ಹಿಡಿಯನ್ನು ಹಿಡಿದಿದ್ದ ಬೆರಳುಗಳು, ಗಣಿ ಮುಚ್ಚಿದ ಮೇಲೂ ಹಾಗೇ ಬಾಗಿಕೊಂಡಿದ್ದವು. ಚಹಾದ ಲೋಟ ಅವುಗಳ ನಡುವೆ ಹೇಳಿ ಮಾಡಿಸಿದಂತೆ ಕೂರುತ್ತಿತ್ತು.

ಚಿನ್ನದ ಗಣಿಯ ಊರಾದ ಊರಿಗಾಮಿನಲ್ಲಿ, ಕಾರ್ಮಿಕರ ಸಾಲುಮನೆಗಳ ನಮ್ಮ ಲೈನಿನಲ್ಲಿ ಎಲ್ಲರಿಗೂ ಅವರು ದೊಡ್ಡಪ್ಪ. ಕಾರ್ಮಿಕರು ನಿಂತ ಕೇಜನ್ನು ಉಕ್ಕಿನ ಹಗ್ಗದಲ್ಲಿ ಗಣಿಯೊಳಕ್ಕೆ ಇಳಿಸಿ, ಪಾಳಿ ಮುಗಿದಾಗ ಮೇಲೆತ್ತುವ ಯಂತ್ರ ನಡೆಸುವುದು ಅವರ ಕೆಲಸವಾಗಿತ್ತು. ತಾವು ಇಳಿಸಿದವರಲ್ಲಿ ಕಡೆಯವನು ಮೇಲೆ ಬರುವ ತನಕ, ತಮ್ಮ ಪಾಳಿ ಮುಗಿದು ಬೇರೆಯವರು ಬಂದು ಕೂತಿದ್ದರೂ, ಎಂಜಿನ್ ಮನೆಯ ಮೆಟ್ಟಿಲು ಬಿಟ್ಟು ಕದಲುತ್ತಿರಲಿಲ್ಲವಂತೆ. ಜೊತೆಯವರು ಅವರನ್ನು ಮರಿ ಕಾಯುವ ಕೋಳಿ ಎಂದು ರೇಗಿಸುತ್ತಿದ್ದರು.

ಅವರ ಒಬ್ಬಳೇ ಮಗಳು ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗೆ ದಿನವೂ ರೈಲಿನಲ್ಲಿ ಓಡಾಡುತ್ತಿದ್ದಳು. ಕುವೈತಿನಲ್ಲಿ ಮನೆಗೆಲಸವಿದೆ ಎಂದು ಬಂಗಾರಪೇಟೆಯ ಏಜೆಂಟನೊಬ್ಬ ಹೇಳಿದಾಗ ದೊಡ್ಡಪ್ಪ ಒಪ್ಪಲಿಲ್ಲ. ಒಪ್ಪಿಸಿದವನು ನಾನು. ಕಾಲೇಜಿನ ಚರ್ಚಾಕೂಟಗಳಲ್ಲಿ ಬಹುಮಾನ ಗೆದ್ದ ನಾಲಗೆ ನನ್ನದು. ಹೆಣ್ಣಿನ ಸ್ವಾವಲಂಬನೆಗೆ ದೂರವೊಂದು ಅಡ್ಡಿಯಾಗಬಾರದೆಂದು ವಾದಿಸಿದೆ. ಮೂರೂವರೆ ಸಾವಿರ ಕಿಲೋಮೀಟರಿನಷ್ಟು ದಾರಿ, ವಿಮಾನಕ್ಕೆ ಐದು ಗಂಟೆ. ಅವಳು ದಿನವೂ ರೈಲಿನಲ್ಲಿ ಕಳೆಯುವುದೂ ಅಷ್ಟೇ ಎಂದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ.

"ಓಗಾಕೆ ಐದು ಗಂಟೆ, ಸರಿ ಕಣ್ಲಾ. ಬರಾಕೆ?"

ನಾನು ನಕ್ಕೆ. ಬರುವುದಕ್ಕೂ ಅಷ್ಟೇ ಎಂದೆ. ಆ ನಗುವನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಅಲ್ಲಿ ಇಳಿದ ದಿನವೇ ಮನೆಯೊಡೆಯ ಅವಳ ಪಾಸ್‌ಪೋರ್ಟನ್ನು ತೆಗೆದಿಟ್ಟುಕೊಂಡ. ಎರಡು ವರ್ಷದ ಕರಾರು ಮುಗಿದರೂ ಹಿಂದಿರುಗಿಸಲಿಲ್ಲ. ದೊಡ್ಡಪ್ಪ ದಿನವೂ ಬೆಳಿಗ್ಗೆ ಬಂಗಾರಪೇಟೆಗೆ ಹೋಗಿ ಏಜೆಂಟನ ಅಂಗಡಿಯೆದುರು ನಿಲ್ಲತೊಡಗಿದರು. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ಒಂದು ದಿನ ನಾನೂ ಜೊತೆಗೆ ಹೋಗಿದ್ದೆ.

"ಏನ್ ತಾತ, ಮಗಳು ಅಮೆರಿಕದಲ್ಲಿರೋ ಅಂಗೆ ಆಡ್ತೀಯ," ಎಂದು ಏಜೆಂಟ್ ಹಲ್ಲು ಕಿರಿದ. "ಅಲ್ಲಿ ತಿಂಡಿ ತಿಂದು ಇಮಾನ ಅತ್ತಿದ್ರೆ ಸಂಜೆ ಕಾಫಿಗೆ ಇಲ್ಲಿರ್ತಾಳೆ."

"ಕಳಿಸ್ದೋನು ನೀನು. ನೀನೇ ಕರ್ಕೊಂಡ್ ಬರ್ಬೇಕು," ಎಂದರು ದೊಡ್ಡಪ್ಪ. ದನಿ ಏರಿಸಲಿಲ್ಲ. ಬಳಿಕ ನನ್ನ ಕಡೆ ತಿರುಗಿದರು. "ನೀನೂ ಕಣ್ಲಾ."

ಅಂದಿನಿಂದ ಅರ್ಜಿಗಳನ್ನು ಬರೆದೆ. ಒಂದು ಕಚೇರಿ ಇನ್ನೊಂದರತ್ತ ಕೈ ತೋರಿಸಿತು. ಆ ಇನ್ನೊಂದು ಏಜೆಂಟನನ್ನೇ ವಿಚಾರಿಸಿ ಎಂದಿತು. ಒಬ್ಬ ಹೆಣ್ಣುಮಗಳನ್ನು ಕಳುಹಿಸಲು ಒಂದು ಸಹಿ ಸಾಕು, ಕರೆತರಲು ನೂರು ಸಹಿಯೂ ಸಾಲದು. ಇಂಥ ವ್ಯವಸ್ಥೆಯನ್ನು ನಾಗರಿಕವೆಂದು ಕರೆಯಲು ನಾನು ಸಿದ್ಧನಿಲ್ಲ. ಜಗತ್ತು ಚಿಕ್ಕದಾಗಿದೆ ಎನ್ನುವವರು ಯಾರಿಗೆ ಚಿಕ್ಕದಾಗಿದೆ ಎಂಬುದನ್ನೂ ಹೇಳಲಿ.

ಕರಾರು ಮುಗಿದ ಹನ್ನೊಂದನೆಯ ತಿಂಗಳಲ್ಲಿ ದೊಡ್ಡಪ್ಪ ತೀರಿಕೊಂಡರು. ಆ ಮನೆಯವರು ಮಗಳ ಕೈಗೆ ಹತ್ತು ನಿಮಿಷ ಫೋನ್ ಕೊಟ್ಟರು. ಅವಳು ಅಳಲಿಲ್ಲ.

"ಅಣ್ಣಾ, ಅಪ್ಪನ್ನ ಎಷ್ಟೊತ್ತು ಇಟ್ಕೊಂಡಿರ್ತೀರ?"

ನಾಳೆ ಸಂಜೆಯ ತನಕ ಎಂದೆ. ಇಟ್ಟುಕೊಂಡೆವು. ಕತ್ತಲಾಗುವ ಮುನ್ನ ಮಣ್ಣು ಮಾಡಿದೆವು.

ಒಂದು ಅರ್ಜಿ ಕಡೆಗೂ ಫಲಿಸಿ ಅವಳು ಹೊರಟಾಗ ಮತ್ತೆ ನಾಲ್ಕು ತಿಂಗಳಾಗಿತ್ತು. ಕರೆತರಲು ನಾನೊಬ್ಬನೇ ವಿಮಾನ ನಿಲ್ದಾಣಕ್ಕೆ ಹೋದೆ. ಕುವೈತಿನ ವಿಮಾನ ಹೊತ್ತಿಗೆ ಸರಿಯಾಗಿ ಇಳಿದಿದೆ ಎಂದು ಫಲಕದಲ್ಲಿತ್ತು. ಅವಳು ಹೊರಬಂದು ನನ್ನನ್ನು ಗುರುತಿಸಿದಳು. ಎಲ್ಲ ಗೊತ್ತಿದ್ದೂ, ನನ್ನ ಬೆನ್ನ ಹಿಂದೆ ಒಮ್ಮೆ ಕಣ್ಣಾಡಿಸಿದಳು.