ಆರರಲ್ಲಿ ಒಂದು ಮೊಳೆ

1994ರಲ್ಲಿ ಪಾಂಡವಪುರದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಕುಷನ್ ಅಂಗಡಿ ಇತ್ತು. ಅಂಗಡಿ ಅನ್ನುವುದು ಬಾಯಿಮಾತಿಗೆ ಅಷ್ಟೇ. ಎರಡು ತಗಡಿನ ಬಾಗಿಲು, ಒಂದು ಹೊಲಿಗೆ ಮಿಷನ್ನು, ಮೂಲೆಯಲ್ಲಿ ತೆಂಗಿನ ನಾರಿನ ಮೂಟೆ. ಅರ್ಧಕ್ಕರ್ಧ ಕೆಲಸ ಜನರ ಮನೆಗಳಲ್ಲೇ ನಡೆಯುತ್ತಿತ್ತು. ಹಳೆಯ ಸೋಫಾ, ಈಸಿ ಚೇರುಗಳನ್ನು ಬಿಚ್ಚಿ, ಮರಕ್ಕೆ ಪಾಲಿಶ್ ಕೊಟ್ಟು, ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸಿ ಕೊಡುವುದು ನನ್ನ ಕಸುಬು. ಆಗ ನನಗೆ ನಲವತ್ತಾರು. ಹದಿನಾಲ್ಕನೇ ವಯಸ್ಸಿನಿಂದ ಮಾಡಿಕೊಂಡು ಬಂದದ್ದರಿಂದ ನನ್ನ ಕೈ ತಪ್ಪುವುದಿಲ್ಲ ಎಂಬ ಜಂಬ ಬೇಕಾದಷ್ಟಿತ್ತು.

ಆ ವರ್ಷ ಕ್ಯಾತನಹಳ್ಳಿಯ ಶಿವಣ್ಣ ಎಂಬ ಕಬ್ಬು ಬೆಳೆಗಾರರು ಹೇಳಿಕಳಿಸಿದರು. ಅವರ ಮನೆಯಲ್ಲಿ ಬೀಟೆ ಮರದ ಭಾರಿ ಸೋಫಾ ಇತ್ತು. ಅವರಪ್ಪ ಎಂದೋ ಮೈಸೂರಿನ ಹರಾಜಿನಲ್ಲಿ ತಂದದ್ದು. ಮನೆ ರಿಪೇರಿಯಲ್ಲಿ ಮುಂಬಾಗಿಲನ್ನು ಕಿರಿದು ಮಾಡಿಸಿದ ಮೇಲೆ, ಸೋಫಾ ಒಳಗೇ ಉಳಿಯಿತೆಂದು ನೆನಪಾಯಿತಂತೆ. ಅದನ್ನು ಹೊರಗೆ ತರುವ ದಾರಿಯೇ ಇರಲಿಲ್ಲ. ಹಾಗಾಗಿ ನಾನೇ ಸಾಮಾನಿನ ಚೀಲ ಹೊತ್ತು ಹೋದೆ. ಮನೆಯಲ್ಲಿ ಶಿವಣ್ಣನ ತಾಯಿ ಸಣ್ಣಮ್ಮ, ಹೆಂಡತಿ ಭಾಗ್ಯ ಮತ್ತು ಹತ್ತು ತಿಂಗಳ ಹೆಣ್ಣು ಕೂಸು ಇದ್ದರು. ಕೂಸು ಆಗಷ್ಟೇ ಕೈಗೆ ಸಿಕ್ಕಿದ್ದನ್ನು ಹಿಡಿದು ಎದ್ದು ನಿಲ್ಲಲು ಕಲಿತಿತ್ತು.

ಮೊದಲ ದಿನ ಹಳೆಯ ಬಟ್ಟೆ, ತುಕ್ಕು ಹಿಡಿದ ಮೊಳೆ ಎಲ್ಲ ಕಿತ್ತು, ಸ್ಪ್ರಿಂಗುಗಳನ್ನು ಹುರಿಯಿಂದ ಕಟ್ಟಿದೆ. ಎರಡನೇ ದಿನ ಬಟ್ಟೆ ಹೊದಿಸುವ ಕೆಲಸ. ಅದಕ್ಕೆ ಅರ್ಧ ಇಂಚಿನ, ಚಪ್ಪಟೆ ತಲೆಯ ನೀಲಿ ಮೊಳೆ ಬೇಕು. ಒಂದು ಕೈ ಬಟ್ಟೆ ಎಳೆದು ಹಿಡಿದಿರುತ್ತದೆ, ಇನ್ನೊಂದರಲ್ಲಿ ಸುತ್ತಿಗೆ, ಇನ್ನು ಮೊಳೆ ಎಲ್ಲಿಡುವುದು? ಬಾಯಲ್ಲೇ. ನಾಲಗೆಯಿಂದ ಒಂದೊಂದೇ ಮೊಳೆಯನ್ನು ತಲೆ ಮುಂದಾಗಿ ತುಟಿಗೆ ತಳ್ಳಿ, ಅಯಸ್ಕಾಂತದ ಸುತ್ತಿಗೆಗೆ ಅಂಟಿಸಿ ಹೊಡೆಯಬೇಕು. ಕಸುಬು ಕಲಿಸಿದ ನಮ್ಮ ಮಾವ ಒಂದು ಕಟ್ಟಳೆ ಮಾಡಿದ್ದರು: ಬಾಯಿಗೆ ಹತ್ತು, ಮರಕ್ಕೆ ಹತ್ತು. ಹತ್ತೂ ಮುಗಿಯುವ ತನಕ ಬಾಯಿ ತೆರೆಯುವಂತಿಲ್ಲ.

ಬೆಳಿಗ್ಗೆ ಹನ್ನೊಂದು ದಾಟಿತ್ತು. ನಾಲ್ಕು ಹೊಡೆದಿದ್ದೆ, ಆರು ಬಾಯಲ್ಲಿದ್ದವು. ಸಣ್ಣಮ್ಮ ಬಂದು ಗೋಡೆಗೊರಗಿ ಕೂತರು. ಕೂಸು ಸೋಫಾದ ಇನ್ನೊಂದು ತುದಿ ಹಿಡಿದು ನಿಂತಿತ್ತು.

"ಏನ್ಲಾ ನಜೀರ, ನಿನ್ ಮಗ್ಳು ಬಸ್ರಿಯಂತಲ್ಲ, ಎಷ್ಟ್ ತಿಂಗ್ಳು?"

ಹಿರಿಯರು ಮಾತಾಡಿಸಿದಾಗ ತುಟಿ ಬಿಗಿದು ಹೂಂಗುಟ್ಟುವುದು ನಮ್ಮ ಕಡೆ ಮರ್ಯಾದೆಯಲ್ಲ. ಅದರಲ್ಲೂ ಅವರು ಕೇಳಿದ್ದು ನನ್ನ ಮಗಳ ಸುದ್ದಿ. ಆರನ್ನೂ ಅಂಗೈಗೆ ಉಗುಳಿ ಸೋಫಾದ ಮುಂದಿನ ಪಟ್ಟಿಯ ಮೇಲಿಟ್ಟೆ. "ಏಳು ತುಂಬ್ತು ಕಣವ್ವ. ಬರೋ ವಾರ ಕೆ.ಆರ್. ಪೇಟೆಯಿಂದ ಕರ್ಕೊಂಡ್ ಬತ್ತೀನಿ" ಎಂದೆ. ಅಷ್ಟರಲ್ಲಿ ಭಾಗ್ಯ ಕಾಫಿ ತಂದರು. ನಾನು ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸಿ ಬಂದು, ಕಾಫಿ ಕುಡಿದು, ಮತ್ತೆ ಮೊಳೆ ಎತ್ತಿಕೊಂಡರೆ ಐದೇ ಇದ್ದವು.

ಎಣಿಕೆ ತಪ್ಪಿತೇನೋ ಎಂದು ಮರಕ್ಕೆ ಹೊಡೆದದ್ದನ್ನು ಎಣಿಸಿದೆ. ನಾಲ್ಕೇ. ಸುತ್ತಿಗೆಯ ಅಯಸ್ಕಾಂತವನ್ನು ನೆಲದ ಮೇಲೆಲ್ಲ ಆಡಿಸಿದೆ. ತುಕ್ಕು ಹಿಡಿದ ಎರಡು ಹಳೇ ಮೊಳೆ ಸಿಕ್ಕವು, ಹೊಸದು ಸಿಗಲಿಲ್ಲ. ಆಮೇಲೆ ಕೂಸಿನ ಕಡೆ ನೋಡಿದೆ. ಸೋಫಾ ಹಿಡಿದು ನಿಂತಿದ್ದದ್ದು ಈಗ ಕೂತುಬಿಟ್ಟಿತ್ತು. ಬಾಯಿಂದ ಜೊಲ್ಲು ಎಳೆ ಎಳೆಯಾಗಿ ಇಳಿಯುತ್ತಿತ್ತು. ಒಂದು ಸಲ ಓಕರಿಸಿತು.

"ಹಲ್ಲು ಬರೋ ಟೈಮು, ಅದ್ಕೇ ಜೊಲ್ಲು" ಎಂದು ಭಾಗ್ಯ ಸೆರಗಿನಿಂದ ಒರೆಸಿದರು. "ದೃಷ್ಟಿ ಆಗೈತೆ" ಎಂದು ಸಣ್ಣಮ್ಮ ಉಪ್ಪು ಮೆಣಸಿನಕಾಯಿ ತರಲು ಒಳಗೆ ಹೋದರು. ಅವರಿಬ್ಬರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಆದರೂ ಹೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ಕೂಸಿಗೆ ಮೊಳೆ ನುಂಗಿಸಿದವನು ಎಂದು ಸುತ್ತಲಿನ ಊರುಗಳಲ್ಲಿ ಹೆಸರಾದರೆ ಇನ್ನು ಯಾರು ನನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ? ಶಿವಣ್ಣ ಮೊದಲೇ ಮುಂಗೋಪಿ. ಮೊಳೆ ಯಾವುದೋ ಸಂದಿಯಲ್ಲಿ ಬಿದ್ದಿದ್ದರೆ ಮನೆಯವರನ್ನು ಸುಮ್ಮನೆ ಹೆದರಿಸಿದ ಹಾಗಾಗುತ್ತದೆ. ಮೊದಲು ಹುಡುಕಿಬಿಡೋಣ ಎಂದು ನನಗೆ ನಾನೇ ಹೇಳಿಕೊಂಡು ಚಾಪೆ ಕೊಡವಿದೆ, ನಾರು ಕೆದಕಿದೆ, ಬಟ್ಟೆಯ ಮಡಿಕೆಗಳಲ್ಲಿ ಕೈಯಾಡಿಸಿದೆ.

"ಏನ್ ಕಳ್ಕೊಂಡ್ರಿ ನಜೀರಣ್ಣ?" ಎಂದು ಭಾಗ್ಯ ಕೇಳಿದರು.

"ಏನಿಲ್ಲ ತಾಯಿ, ಸೀಮೆಸುಣ್ಣ" ಎಂದುಬಿಟ್ಟೆ.

ದೃಷ್ಟಿ ತೆಗೆದದ್ದಾಯಿತು. ಕೂಸು ಹಾಲು ಮುಟ್ಟಲಿಲ್ಲ. ಅಳು ಕೂಡ ಸಣ್ಣಗೆ, ಹಿಡಿದು ಹಿಡಿದು ಬರುತ್ತಿತ್ತು. "ಗಂಟ್ಲಲ್ಲಿ ಏನೋ ಕಚ್ಕೊಂಡೈತೆ. ಒಂದ್ ತುತ್ತು ಮುದ್ದೆ ನುಂಗ್ಸಿದ್ರೆ ಇಳ್ದೋಯ್ತದೆ" ಎಂದು ಸಣ್ಣಮ್ಮ ಬೆಳಗಿನ ರಾಗಿಮುದ್ದೆಯಿಂದ ಗೋಲಿಯಷ್ಟು ಮುರಿದು, ಸಾರಿನಲ್ಲಿ ಅದ್ದಿ, ಕೂಸಿನ ತುಟಿಯ ಹತ್ತಿರ ತಂದರು. ನಾನು ಅವರ ಕೈ ಹಿಡಿದುಕೊಂಡೆ. ಅಷ್ಟು ವರ್ಷದಲ್ಲಿ ಯಾರ ಮನೆಯ ಹೆಂಗಸರ ಕೈಯನ್ನೂ ಮುಟ್ಟಿದವನಲ್ಲ.

"ಬ್ಯಾಡ ಕಣವ್ವ. ಏನೂ ಕೊಡ್ಬ್ಯಾಡಿ. ಮೊಳೆ ನುಂಗೈತೆ. ನನ್ ಮೊಳೆ."

ಭಾಗ್ಯ ಕಿರುಚಿದ್ದು ಗದ್ದೆಯವರೆಗೂ ಕೇಳಿಸಿತಂತೆ. ಶಿವಣ್ಣ ಕೆಸರು ಕಾಲಲ್ಲೇ ಓಡಿ ಬಂದರು. ಪಕ್ಕದ ಮನೆಯವರ ಜೀಪು ಹೊರಟಿತು. ಅಂಥದ್ದೇ ಒಂದು ಮೊಳೆಯನ್ನು ಜೇಬಿಗೆ ಹಾಕಿಕೊಂಡು ನಾನು ಹಿಂದಿನ ಸೀಟಿನಲ್ಲಿ ಮುದುರಿ ಕೂತೆ. ಫ್ಯಾಕ್ಟರಿ ರಸ್ತೆಯಲ್ಲಿ ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ಜೀಪು ಒಂದೊಂದು ಗುಂಡಿಗೆ ಇಳಿದಾಗಲೂ ಆ ಮೊನೆ ಎಲ್ಲಿ ಚುಚ್ಚಿತೋ ಎಂದು ನನ್ನ ಜೀವ ಬಾಯಿಗೆ ಬರುತ್ತಿತ್ತು. ಯಾ ಅಲ್ಲಾ, ಯಾ ಅಲ್ಲಾ ಎಂಬುದರ ಆಚೆ ಒಂದು ದುವಾ ಕೂಡ ನೆನಪಾಗಲಿಲ್ಲ.

ಪಾಂಡವಪುರದ ಡಾಕ್ಟರು ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಕೂಸಿನ ಪುಟ್ಟ ಪಕ್ಕೆಲುಬುಗಳ ಮೇಲ್ಗಡೆ, ಕತ್ತಿನ ಬುಡದಲ್ಲಿ, ಮೊಳೆ ಬೆಳ್ಳಗೆ ಕಾಣುತ್ತಿತ್ತು. ನಾನು ಜೇಬಿನಿಂದ ತೆಗೆದುಕೊಟ್ಟದ್ದನ್ನು ಅವರು ಪಕ್ಕದಲ್ಲಿಟ್ಟು ನೋಡಿದರು.

"ಅನ್ನನಾಳದಲ್ಲಿ ಸಿಕ್ಕಿದೆ. ಏನಾದರೂ ತಿನ್ನಿಸಿದಿರಾ?"

"ಇಲ್ಲ ಸಾರ್" ಎಂದರು ಭಾಗ್ಯ.

"ಒಳ್ಳೇದಾಯ್ತು. ಮೇಲಿಂದ ತಳ್ಳಿದ್ದರೆ ಮೊನೆ ಒಳಗೆ ಹರಿದುಬಿಡುತ್ತಿತ್ತು. ನುಂಗಿ ಎಷ್ಟು ಹೊತ್ತಾಯ್ತು?"

"ಮುಕ್ಕಾಲು ಗಂಟೆ" ಎಂದರು ಶಿವಣ್ಣ.

ಯಾರೂ ನನ್ನನ್ನು ಕೇಳಿರಲಿಲ್ಲ. ಸುಮ್ಮನಿರಬಹುದಿತ್ತು. ಆದರೆ ಡಾಕ್ಟರಿಗೆ ಸರಿಯಾದ ಹೊತ್ತು ಬೇಕಾಗಿತ್ತು. "ಒಂದ್ ಗಂಟೆ ಆಯ್ತು ಸಾರ್. ನಂಗೆ ಕಾಲು ಗಂಟೆ ಮೊದ್ಲೇ ಗೊತ್ತಿತ್ತು" ಎಂದೆ.

ಶಿವಣ್ಣ ನನ್ನ ಕಡೆ ತಿರುಗಿದರು. "ಗೊತ್ತಿದ್ದೂ ಸುಮ್ಕಿದ್ದಾ?"

"ಹೆದ್ರುಕೊಂಡ್ಬುಟ್ಟೆ ಕಣ್ ಶಿವಣ್ಣ."

ಅವರ ಕೈ ಮೇಲೆದ್ದಿತು. ಹೊಡೆದಿದ್ದರೂ ನಾನು ತಪ್ಪಿಸಿಕೊಳ್ಳುತ್ತಿರಲಿಲ್ಲ. ಡಾಕ್ಟರು ಆ ಕೈಗೇ ಚೀಟಿ ತುರುಕಿ, ಮೈಸೂರಿಗೆ ಹೊರಡಿ, ನಾನು ಫೋನ್ ಮಾಡಿರುತ್ತೇನೆ ಎಂದರು.

ಜೀಪು ಶ್ರೀರಂಗಪಟ್ಟಣ ದಾಟಿ ಮೈಸೂರು ಮುಟ್ಟಿತು. ಆಸ್ಪತ್ರೆಯಲ್ಲಿ ಕೂಸಿಗೆ ಮತ್ತಿನ ಮದ್ದು ಕೊಟ್ಟು, ತುದಿಯಲ್ಲಿ ದೀಪವಿರುವ ಸಣ್ಣ ಕೊಳವೆಯನ್ನು ಗಂಟಲಿಗಿಳಿಸಿ ತೆಗೆಯುತ್ತೇವೆಂದು ಹೇಳಿ ಒಳಗೆ ಕರೆದುಕೊಂಡು ಹೋದರು. ಗಂಡಹೆಂಡತಿ ಬೆಂಚಿನ ಮೇಲೆ ಕೂತರು. ನಾನು ದೂರದ ಕಂಬದ ಹತ್ತಿರ ನಿಂತೆ. ಬಾಗಿಲು ಅಲ್ಲಾಡಿದಾಗಲೆಲ್ಲ ಒಂದು ಹೆಜ್ಜೆ ಮುಂದಿಟ್ಟು ಮತ್ತೆ ಕಂಬಕ್ಕೇ ಮರಳುತ್ತಿದ್ದೆ. ನನ್ನ ಮಗಳ ಹೊಟ್ಟೆಯಲ್ಲಿರುವ ಕೂಸು ನೆನಪಾಗಿ ಇನ್ನಷ್ಟು ಭಯವಾಯಿತು. ಕೊನೆಗೆ ನರ್ಸೊಬ್ಬರು ಬಂದು, ಬಟ್ಟೆಯ ಚೂರಿನಲ್ಲಿ ಮೊಳೆ ತೋರಿಸಿ, ಮಗು ಚೆನ್ನಾಗಿದೆ ಎಂದರು. ನಾನು ನಿಂತಲ್ಲೇ ನೆಲಕ್ಕೆ ಕುಸಿದು ಕೂತು ಅತ್ತೆ.

ಹದಿನೈದು ದಿನ ಕಳೆದ ಮೇಲೆ ಸೋಫಾ ಮುಗಿಸಿಕೊಡಲು ಬಾ ಎಂದು ಶಿವಣ್ಣ ಹೇಳಿಕಳಿಸಿದರು. ಬಯ್ಯಿಸಿಕೊಳ್ಳಲು ಸಿದ್ಧನಾಗಿಯೇ ಹೋದೆ. ಅವರು ಬಯ್ಯಲಿಲ್ಲ. ಸಣ್ಣಮ್ಮ ಕೂಸನ್ನೆತ್ತಿಕೊಂಡು ಪಕ್ಕದ ಮನೆಗೆ ಹೋದರು. ಶಿವಣ್ಣ ಕೆಲಸ ಬಿಟ್ಟು ನನ್ನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಮೊಳೆಯ ಡಬ್ಬಿಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಒಂದು ಮೊಳೆ ಕೊಡುವರು, ನಾನು ಹೊಡೆಯುವೆ. ಅದು ಮರಕ್ಕಿಳಿದದ್ದನ್ನು ನೋಡಿಯೇ ಇನ್ನೊಂದು ಕೊಡುವರು. ಅರ್ಧ ದಿನದ ಕೆಲಸ ಸಂಜೆವರೆಗೂ ನಡೆಯಿತು.

ಕೊನೆಯ ಮೊಳೆಯನ್ನು ಅವರು ಕೊಡದೆ ಸ್ವಲ್ಪ ಹೊತ್ತು ಬೆರಳುಗಳಲ್ಲೇ ಹಿಡಿದುಕೊಂಡರು.

"ನೋಡು ನಜೀರಣ್ಣ, ಇನ್ಮೇಲೆ ಎಲ್ಲಾದ್ರೂ ಇಂಗಾದ್ರೆ, ಮೊದ್ಲು ಕೂಗ್ಕೊ. ಆಮೇಲೆ ಹುಡುಕು."

ಆಮೇಲೆ ಹದಿನೆಂಟು ವರ್ಷ ಈ ಕಸುಬು ಮಾಡಿದೆ. ನನ್ನ ಹತ್ತಿರ ಕೆಲಸ ಕಲಿಯಲು ಬಂದವರಿಗೆಲ್ಲ ಸುತ್ತಿಗೆ ಹಿಡಿಯುವುದಕ್ಕೂ ಮೊದಲು ಹೇಳಿಕೊಟ್ಟದ್ದು ಆ ಒಂದು ಮಾತು.